ಈಥರ್ನೆಟ್ ಜಾಲದಲ್ಲಿ ಸಮೂಹವಿಳಾಸದ ಕ್ರಮ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ಮನೆಗಳು ತೋಟಗಳ ನಡುವೆ ಚದರಿಕೊಂಡಿರುವುದು ತಮಗೆಲ್ಲ ತಿಳಿದೇ ಇದೆ. ಇಲ್ಲಿ ಒಂದು ವರ್ತಮಾನವನ್ನು ಮುಟ್ಟಿಸುವುದಕ್ಕೆ ಮೂರು ಬಗೆಗಳುಂಟು: ಒಬ್ಬರಿಗೇ ಕಾಗದ ಬರೆಯುವುದು, ಎಲ್ಲರೂ ಕೇಳುವಂತೆ ಡಂಗುರ ಹೊಯ್ಸುವುದು, ಸಂಬಂಧಪಟ್ಟ ಕೆಲವರಿಗೆ ಮಾತ್ರ ತಿಳಿಸುವುದು. ಗಣಕಯಂತ್ರಗಳ ಜಾಲದಲ್ಲಿಯೂ ಇವೇ ಮೂರು ಮಾರ್ಗಗಳು. ಮೂರನೆಯದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು.

ಇದರ ಪ್ರಯೋಜನವನ್ನು ಒಂದು ಲೆಕ್ಕದಿಂದ ಕಾಣಬಹುದು. ನಮ್ಮ ಸೀಮೆಯ ಒಂದು ಶಾಲೆಯಲ್ಲಿ 40 ಗಣಕಯಂತ್ರಗಳಿವೆಯೆಂದೂ, ಪಾಠದ ಚಲಚ್ಚಿತ್ರಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಬೇಕೆಂದೂ ಭಾವಿಸೋಣ. ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರತಿಯನ್ನು ಕಳುಹಿಸಿದರೆ 160 ಮೆಗಾಬಿಟ್ ಆಗುವುದು. 100 ಮೆಗಾಬಿಟ್ಟಿನ ತಂತಿಯು ಅದನ್ನು ಹೊರಲಾರದು. ಸಮೂಹಕ್ಕೆಂದು ಕಳುಹಿಸಿದರೆ, ಹೊರಡುವ ತಂತಿಯ ಮೇಲೆ 4 ಮೆಗಾಬಿಟ್ ಮಾತ್ರ ಸಾಕು.

1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್, ಡೇವಿಡ್ ಬಾಗ್ಸ್ ಮೊದಲಾದವರಿಂದ ಹುಟ್ಟಿದ ಈಥರ್ನೆಟ್ಟಿನಲ್ಲಿ ಈಗ ವಿಳಾಸವೊಂದಕ್ಕೆ 48 ದ್ವಿಮಾನಾಂಕಗಳಿರುತ್ತವೆ. ತಂತಿಯ ಮೇಲೆ ಮೊಟ್ಟಮೊದಲು ಹೊರಡುವ ಅಂಕವು 0 ಆಗಿದ್ದರೆ ಅದು ಒಂದೇ ಯಂತ್ರದ ವಿಳಾಸ; 1 ಆಗಿದ್ದರೆ ಸಮೂಹದ್ದು. ಎಲ್ಲ ಅಂಕಗಳೂ 1 ಆಗಿದ್ದರೆ ಅದು ಸರ್ವರಿಗೂ ಸಲ್ಲುವ ಡಂಗುರ. ಸಮೂಹವಿಳಾಸವು ಯಾವ ಒಂದು ಯಂತ್ರದ ಸ್ವತ್ತೂ ಅಲ್ಲ. ಆದ್ದರಿಂದ ಕಳುಹಿಸುವವರ ಸ್ಥಾನದಲ್ಲಿ ಅದನ್ನು ಬರೆಯತಕ್ಕದ್ದಲ್ಲ.

ಇಂಟರ್ನೆಟ್ಟಿನ ಸಮೂಹಸಂಖ್ಯೆಗಳನ್ನು ಈಥರ್ನೆಟ್ಟಿಗೆ ಹೊಂದಿಸುವ ನಿಯಮವನ್ನು 1989ರಲ್ಲಿ ಸ್ಟೀವ್ ಡೀರಿಂಗ್ ಅವರು ಪ್ರಕಟಿಸಿದರು. 01-00-5ಇ ಎಂಬ ಆದಿಭಾಗದ ಮುಂದೆ ಸಮೂಹಸಂಖ್ಯೆಯ ಕಡೆಯ 23 ಅಂಕಗಳನ್ನು ಇಡತಕ್ಕದ್ದು. ಆದರೆ ಸಮೂಹಗಳನ್ನು ಬೇರ್ಪಡಿಸುವ ಅಂಕಗಳು 28. ಉಳಿದ 5 ಬಿಟ್ಟುಹೋಗುವುದರಿಂದ 32 ಸಮೂಹಗಳಿಗೆ ಒಂದೇ ವಿಳಾಸವು ಪ್ರಾಪ್ತವಾಗುತ್ತದೆ. 224.1.1.1 ಮತ್ತು 225.1.1.1 ಎಂಬ ಸಮೂಹಗಳೆರಡೂ ಒಂದೇ ಬಾಗಿಲಿಗೆ ಬರುತ್ತವೆ. ಆದಕಾರಣ ಬಂದುದನ್ನು ಒಳಗೆ ತೆಗೆದುಕೊಂಡ ಮೇಲೆ ಯಂತ್ರವು ಪೂರ್ಣಸಂಖ್ಯೆಯನ್ನು ಮತ್ತೊಮ್ಮೆ ಪರೀಕ್ಷಿಸಿ, ತನ್ನದಲ್ಲದ್ದನ್ನು ಬಿಡಬೇಕು.

ಇಷ್ಟಾದರೂ ಸಮೂಹದಲ್ಲಿ ಯಾರಿದ್ದಾರೆಂಬುದನ್ನು ವಿಳಾಸವು ತಿಳಿಸದು. ತಂತಿಗಳನ್ನು ಕೂಡಿಸುವ ಸ್ವಿಚ್ ಎಂಬ ಪೆಟ್ಟಿಗೆಗೆ ಸದಸ್ಯರು ಗೊತ್ತಿಲ್ಲದಿದ್ದರೆ, ಅದು ಪಾಠವನ್ನು ಶಾಲೆಯ ಕಚೇರಿಯ ಯಂತ್ರಕ್ಕೂ ಸುರಿಯುತ್ತದೆ. ಯಂತ್ರಗಳು "ನಾನು ಈ ಸಮೂಹದವನು" ಎಂದು ಸಾರುವುದನ್ನು ಆಲಿಸುವ ಸ್ವಿಚ್ಚಾದರೆ ಬೇಕಾದ ಕಡೆಗೆ ಮಾತ್ರ ಕಳುಹಿಸುತ್ತದೆ. ಆದರೆ ಆಗಾಗ್ಗೆ "ಯಾರಿದ್ದೀರಿ?" ಎಂದು ವಿಚಾರಿಸುವ ಯಂತ್ರವೂ ಜಾಲದಲ್ಲಿರಬೇಕು. ವಿಚಾರಿಸುವವರಿಲ್ಲದಿದ್ದರೆ ಕೆಲವು ನಿಮಿಷಗಳಲ್ಲಿ ಸ್ವಿಚ್ಚು ಸದಸ್ಯರನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಪಾಠವು ನಡುವೆಯೇ ನಿಂತುಹೋಗುತ್ತದೆ. ತಂತಿ ಕೆಟ್ಟಿತೆಂದು ಜನರು ವೃಥಾ ಹಳಿಯುವರು.

ಆದ್ದರಿಂದ ನಮ್ಮ ಶಾಲೆಗಳಲ್ಲಿ ಇಂತಹ ಜಾಲವನ್ನು ಏರ್ಪಡಿಸುವ ಮಹನೀಯರು ಆಲಿಸುವ ಸ್ವಿಚ್ಚು, ವಿಚಾರಿಸುವ ಯಂತ್ರ, ಇವೆರಡೂ ಇವೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.