ಅನ್ನದ ಕೆಲಸವೂ ಒಲವಿನ ಕೆಲಸವೂ



ಕಲೆಯಲ್ಲಿ ಒಲವುಳ್ಳ ತರುಣನಿಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉಪದೇಶಗಳು ದೊರೆಯುತ್ತವೆ. ಮನೆಯ ಹಿರಿಯರು, “ಮೊದಲು ಒಂದು ನೌಕರಿ ಹಿಡಿಯಪ್ಪ, ಹಾಡು, ಚಿತ್ರ, ನಾಟಕಗಳೆಲ್ಲ ಆಮೇಲೆ” ಎನ್ನುತ್ತಾರೆ. ಗೆಳೆಯರು, “ನೌಕರಿ ಹಿಡಿದೆಯೋ, ಕಲೆ ಕೆಟ್ಟಂತೆಯೇ, ಧೈರ್ಯವಿದ್ದರೆ ಬಿಟ್ಟು ಬಾ” ಎನ್ನುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವ ತರುಣರಲ್ಲಿ ಈ ತೊಡಕಿಗೆ ಸಿಕ್ಕಿದವರು ಅನೇಕರು. ಕಾಲೇಜಿನಲ್ಲಿ ಪಾಠ ಹೇಳುವ ನಾವು ಅವರ ಮಾತನ್ನು ಆಗಾಗ ಕೇಳುತ್ತೇವೆ. ಮೇಲಿನ ಎರಡು ಉಪದೇಶಗಳೂ ನೌಕರಿಯನ್ನೂ ಕಲೆಯನ್ನೂ ಸವತಿಯರೆಂದೇ ಎಣಿಸುತ್ತವೆ. ಈ ನಾಲ್ಕು ಸೀಮೆಗಳ ಬಾಳನ್ನು ಕಣ್ಣಿಟ್ಟು ನೋಡಿದರೆ ಬೇರೊಂದು ಸಂಗತಿಯು ತಿಳಿದುಬರುತ್ತದೆ.

ಈ ಕಡೆಯ ಜಾತ್ರೆಗಳಲ್ಲಿ ಪೂಜಾ ಕುಣಿತವನ್ನು ನೋಡದವರುಂಟೆ? ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆಗಳನ್ನು ಸುತ್ತಿ, ದೇವಿಯ ಮುಖವನ್ನು ಕಟ್ಟಿ, ಆ ಭಾರವನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ತಮಟೆಯ ಗತ್ತಿಗೆ ಕುಣಿಯುವವನು ಹೆಚ್ಚಾಗಿ ರೈತನು, ಇಲ್ಲವೆ ಕೂಲಿಯವನು. ಮಳೆಗಾಲದಲ್ಲಿ ಅವನ ಕೈಯಲ್ಲಿ ಮೇಳಿ. ಸುಗ್ಗಿ ಮುಗಿದು ಜಾತ್ರೆಗಳು ತೊಡಗಿದ ಮೇಲೆ ಅವನ ತಲೆಯ ಮೇಲೆ ಪೂಜೆ. ಅನ್ನವು ಹೊಲದಿಂದ, ಗೌರವವು ಕುಣಿತದಿಂದ. ಎರಡು ಕಸುಬುಗಳಿಗೂ ಅವನು ವರ್ಷವನ್ನೇ ಹಂಚಿಕೊಟ್ಟಿದ್ದಾನೆ. ಹಗಲಿನ ದುಡಿಮೆಯ ಜೊತೆಗೆ ಕಲೆಯನ್ನು ಸಾಕುವುದು ಪಟ್ಟಣದವರು ಹೊಸದಾಗಿ ಕಂಡುಹಿಡಿದ ಉಪಾಯವೇನೂ ಅಲ್ಲ.

ಇದಕ್ಕೆ ಎದುರಾಗಿ ಚನ್ನಪಟ್ಟಣದ ಬೊಂಬೆಯ ಕುಶಲಿಗನನ್ನು ನೋಡೋಣ. ಆಲೆಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗ ಅವನು ಬಣ್ಣ ಬೆರೆಸಿದ ಅರಗನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹೊಳಪಾಗಿ ಅಂಟುತ್ತದೆ. ಈತನ ಕಲೆಯೇ ಈತನ ಅನ್ನ. ನೋಡುವವರಿಗೆ ಇದು ಬಹು ಸುಖದ ಸ್ಥಿತಿಯೆಂದು ತೋರಬಹುದು. ಆದರೆ ಯಾವ ಬೊಂಬೆಯನ್ನು, ಎಷ್ಟು, ಯಾವ ಬೆಲೆಗೆ ಮಾಡಬೇಕೆಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವವನು ವ್ಯಾಪಾರಿ. ಚೀನಾ ದೇಶದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆಗೆ ನುಗ್ಗಿದ ಕಾಲದಲ್ಲಿ ಚನ್ನಪಟ್ಟಣದ ಎಷ್ಟೋ ಲೇತುಗಳು ನಿಂತುಹೋದುವು. ಕೈಯ ಚಳಕದಲ್ಲಿ ಕೊರತೆಯೇನೂ ಇರಲಿಲ್ಲ. ಗಿರಾಕಿಯು ಬೇರೆ ಅಂಗಡಿಗೆ ಹೋದನು, ಅಷ್ಟೆ.

ಆದುದರಿಂದ ತಿಂಗಳ ಸಂಬಳವು ಕಲಾವಿದನಿಗೆ ಕೊಡುವುದೇನು? ಬರಿಯ ಅಕ್ಕಿ ಬೇಳೆಯಲ್ಲ. “ಒಲ್ಲೆ” ಎನ್ನುವ ಅಧಿಕಾರವನ್ನು ಕೊಡುತ್ತದೆ. ತನ್ನ ರುಚಿಗೆ ಒಗ್ಗದ ಕೆಲಸವನ್ನು ಹಿಂದಕ್ಕೆ ಕಳುಹಿಸುವ ಶಕ್ತಿಯು ಬಾಡಿಗೆಯ ಚಿಂತೆಯುಳ್ಳವನಿಗೆ ಬರುವುದು ಕಷ್ಟ. ಆದರೆ ಸಂಬಳವು ಇದಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತದೆ. ಅದು ಕೇಳುವುದು ದಿನದ ಸಾರವಾದ ಹೊತ್ತನ್ನು. ಸಂಜೆ ದಣಿದು ಮನೆಗೆ ಬಂದವನು ಕಲೆಗೆ ಕೊಡುವುದು ಉಳಿದ ಚರಟವನ್ನು ಮಾತ್ರ. ಆಂಗ್ಲ ಕಾದಂಬರಿಕಾರ ಆಂಟನಿ ಟ್ರಾಲಪ್ ಇದನ್ನು ಚೆನ್ನಾಗಿ ಅರಿತಿದ್ದನು. 1834 ರಿಂದ 1867 ರ ವರೆಗೆ ಆತನು ಅಂಚೆಯ ಇಲಾಖೆಯ ನೌಕರ. ಬೆಳಗಿನ 5-30ಕ್ಕೆ ಬರೆಯಲು ಕುಳಿತುಬಿಡುತ್ತಿದ್ದನು. ತನ್ನನ್ನು ಎಬ್ಬಿಸುವುದಕ್ಕೆಂದೇ ಆಳಿಗೆ ಬೇರೆ ಹಣ ಕೊಡುತ್ತಿದ್ದನು. ಇಲಾಖೆಗೆ ಹೋಗುವ ಮೊದಲೇ ದಿನದ ಬರಹ ಮುಗಿದಿರುತ್ತಿತ್ತು. ಹೀಗೆ ದಿನದ ಮೊದಲ ಬಲವು ಒಲವಿನ ಕೆಲಸಕ್ಕೆ ಸಲ್ಲುತ್ತಿತ್ತು.

ನಮ್ಮ ಸೀಮೆಗೆ ಹತ್ತಿರದ ನಿದರ್ಶನವು ಇದಕ್ಕಿಂತಲೂ ದೊಡ್ಡದು. ಬೆಂಗಳೂರು–ಮೈಸೂರು ರಸ್ತೆಯಲ್ಲಿ, ರಾಮನಗರದ ಬಳಿ, 15 ಎಕರೆಯಲ್ಲಿ ಜಾನಪದ ಲೋಕವಿದೆ. ಅದನ್ನು ಕಟ್ಟಿದ ಶ್ರೀ ಎಚ್. ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915 ರಲ್ಲಿ ಹುಟ್ಟಿದವರು. ಸರ್ಕಾರದ ಸೇವೆಗೆ ಸೇರಿ ಜಿಲ್ಲಾಧಿಕಾರಿಗಳಾಗಿ ದುಡಿದವರು. ‘ದೊಡ್ಡಮನೆ’ ಎಂಬ ಕಾದಂಬರಿಯೂ, ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹಲವು ಸಂಪುಟಗಳ ಗ್ರಂಥವೂ ಅವರವೇ. ಹಳ್ಳಿಗಳನ್ನು ಸುತ್ತಬೇಕಾದ ಅಧಿಕಾರಿಗೆ ಕಂದಾಯದ ಕಡತವೊಂದೇ ಕಾಣಬಹುದು. ಹಾಡುವವಳ ಕಂಠವೂ ಕೇಳಿಸಬಹುದು. ಗೌಡರಿಗೆ ಎರಡನೆಯದೂ ಕೇಳಿಸಿತು. ನಿವೃತ್ತರಾದ ಮೇಲೆ, 1979 ರಲ್ಲಿ, ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. 1994 ರಲ್ಲಿ ಜಾನಪದ ಲೋಕವು ಬಾಗಿಲು ತೆರೆಯಿತು. ಆಗ ಅವರಿಗೆ ಎಪ್ಪತ್ತೊಂಬತ್ತರ ವಯಸ್ಸು. 2005 ರಲ್ಲಿ ಅವರು ತೀರಿಕೊಂಡರು. ಕಟ್ಟಿದ ಲೋಕವು ಉಳಿದಿದೆ.

ಹಾಗೆಂದು ಹುದ್ದೆಯನ್ನು ಬಿಡುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಟಿ. ಪಿ. ಕೈಲಾಸಂ ಅವರು ಭೂವಿಜ್ಞಾನದ ಇಲಾಖೆಯ ಕೆಲಸವನ್ನು ಬಿಟ್ಟವರು. ಕನ್ನಡ ನಾಟಕವು ಅವರಿಗೆ ಋಣಿಯಾಗಿದೆ. ಆದರೆ ಬಿಡುವ ಮುನ್ನ ಲೆಕ್ಕವನ್ನು ನೋಡಬೇಕು. ಕಲೆಯಿಂದ ಬಂದ ಹಣವನ್ನು ಸಂಬಳದೊಡನೆ ಬೆರಸದೆ ಬೇರೊಂದು ಪುಸ್ತಕದಲ್ಲಿ ಬರೆದಿಡಲಿ. ಎರಡು ವರ್ಷಗಳ ಕಾಲ ಮನೆಯ ಖರ್ಚಿಗೆ ಅದು ಸಾಕಾಗುತ್ತಿದ್ದಿತೆ ಎಂದು ತಾನೇ ಕೇಳಿಕೊಳ್ಳಲಿ. ಒಬ್ಬನೇ ಗಿರಾಕಿಯಿಂದ ಬಂದುದಾದರೆ ಅದೂ ಒಂದು ನೌಕರಿಯೇ ಸರಿ, ಪಿಂಚಣಿಯಿಲ್ಲದ ನೌಕರಿ. ಸರ್ಕಾರದ ಸೇವೆಯಲ್ಲಿರುವವರು ನಡತೆಯ ನಿಯಮಗಳನ್ನು ಮೊದಲೇ ಓದಿಕೊಂಡು, ಅನುಮತಿ ಬೇಕಾದಲ್ಲಿ ಬರಹದಲ್ಲಿಯೇ ಪಡೆಯಲಿ. ಕಚೇರಿಯ ಹೊತ್ತನ್ನು ಕದ್ದು ಕವಿತೆ ಬರೆಯುವವನು ಎರಡು ಕೆಲಸಗಳಿಗೂ ಎರವಾಗುತ್ತಾನೆ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. “ಪಿಂಚಣಿ ಬಂದ ಮೇಲೆ ನೋಡೋಣ” ಎಂಬ ಸಮಾಧಾನವು ಎಲ್ಲ ಕೆಲಸಗಳಿಗೂ ಸಲ್ಲದು. ನಾಗೇಗೌಡರ ಆಯುಸ್ಸು ಎಲ್ಲರಿಗೂ ಸಿಕ್ಕುವುದೆಂಬ ಭರವಸೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಸಾಮಗ್ರಿಯು ನಮಗಾಗಿ ಕಾದಿರುವುದಿಲ್ಲ. ಮಾಗಡಿಯ ಹಳ್ಳಿಯೊಂದರಲ್ಲಿ ರಾಗಿ ಬೀಸುವ ಪದಗಳನ್ನು ಬಲ್ಲ ಅಜ್ಜಿಯು, ಕನಕಪುರದ ಕಡೆ ಸೋಬಾನೆ ಹೇಳುವ ಮುತ್ತೈದೆಯು, ನಮ್ಮ ನಿವೃತ್ತಿಯ ದಿನವನ್ನು ನೋಡಿಕೊಂಡು ಬದುಕುವವರಲ್ಲ. ಬೀಸುವ ಕಲ್ಲನ್ನು ಮೂಲೆಗಿಟ್ಟ ಮನೆಯಲ್ಲಿ ಆ ಪದಗಳನ್ನು ಎರಡನೆಯವರು ಕಲಿಯಲಿಲ್ಲ. ಈಗ ಪ್ರತಿಯೊಬ್ಬ ತರುಣನ ಜೇಬಿನಲ್ಲಿಯೂ ಧ್ವನಿಯನ್ನು ಹಿಡಿದಿಡುವ ಯಂತ್ರವಿದೆ. ಆರು ದಿನ ಅನ್ನಕ್ಕಾಗಿ ದುಡಿಯುವವನಿಗೆ ಏಳನೆಯ ದಿನ ಒಂದು ಹಳ್ಳಿಗೆ ಹೋಗಿಬರುವುದು ಅಸಾಧ್ಯವಲ್ಲ. ಅವನ ಹುದ್ದೆಯು ಸೋಮವಾರ ಹೇಗೂ ಅಲ್ಲಿಯೇ ಇರುತ್ತದೆ. ಆ ಅಜ್ಜಿಯು ಮುಂದಿನ ವರ್ಷ ಇರುವಳೆಂದು ಹೇಳಬಲ್ಲವರು ಯಾರು?