ಎಷ್ಟು ಓದಿದರು ಎಂಬುದಲ್ಲ, ಏನನ್ನು ಓದಿದರು?

(ಹೊಸೂರು ಸೀಮೆಯ ಕನ್ನಡ ಹಳ್ಳಿಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಮೇಷ್ಟ್ರೆ, ಹುಡುಗ ಇನ್ನೆಷ್ಟು ವರ್ಷ ಓದಬೇಕು?" ಏನನ್ನು ಓದಬೇಕೆಂದು ಕೇಳುವವರು ವಿರಳ. ಸರ್ಕಾರಕ್ಕಾದರೋ ಈ ಎರಡನೆಯ ಪ್ರಶ್ನೆಯ ಬೆಲೆ ಬಹು ಹಿಂದೆಯೇ ತಿಳಿದಿತ್ತು. 1961ರ ಜನಗಣತಿಯಲ್ಲಿ ವಿಜ್ಞಾನ ಮತ್ತು ತಾಂತ್ರಿಕ ವಿದ್ಯೆ ಪಡೆದವರಿಗಾಗಿ ಪ್ರತ್ಯೇಕ ಚೀಟಿಯನ್ನೇ ಹಂಚಲಾಗಿತ್ತು. ನಾಡಿನ ದುಡಿಯುವ ಜನ ಯಾವ ವಿದ್ಯೆಯಲ್ಲಿ ಪಳಗಿದ್ದಾರೆಂದು ತಿಳಿಯದೆ ಕಾರ್ಖಾನೆಯನ್ನಾಗಲಿ ಶಾಲೆಯನ್ನಾಗಲಿ ಎಲ್ಲಿ ಕಟ್ಟುವುದು? ನಮ್ಮ ಹಳ್ಳಿಗಳ ಮಟ್ಟಿಗೂ ಈ ಲೆಕ್ಕವನ್ನು ನಾವು ಮಾಡಿಕೊಳ್ಳಬೇಕಾಗಿದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಸೀಮೆ ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಜಿಲ್ಲೆಯ ಹೆಸರು ಬದಲಾದುದರಿಂದ ನಮ್ಮ ರಾಗಿ ಹೊಲಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬದಲಾವಣೆ ತಂದದ್ದು 1970ರ ದಶಕದಲ್ಲಿ ಸರ್ಕಾರದ ಸಿಪ್‌ಕಾಟ್ ಸಂಸ್ಥೆ ಹೊಸೂರಿನಲ್ಲಿ ತೆರೆದ ಕೈಗಾರಿಕಾ ಪ್ರದೇಶ. ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ, ಟಿ.ವಿ.ಎಸ್. ಮೊಪೆಡ್ಡು, 1984ರಲ್ಲಿ ಸ್ಥಾಪನೆಯಾದ ಟೈಟನ್ ಕಂಪನಿಯ ಗಡಿಯಾರದ ಕಾರ್ಖಾನೆ, ಇವು ಒಂದರ ಹಿಂದೊಂದು ಬಂದವು. ಟೈಟನ್ ತನ್ನ ಆರಂಭದ ದಿನಗಳಲ್ಲಿ ಶಾಲೆ ಮುಗಿಸಿದ ಎಳೆಯರನ್ನು ಆರಿಸಿ, ಗಡಿಯಾರದ ಕೆಲಸವನ್ನು ತಾನೇ ಕಲಿಸಿತು. ಇಂದಿನ ಕಾರ್ಖಾನೆಗಳಲ್ಲಿ ಅಂತಹ ತಾಳ್ಮೆ ಕಡಮೆ. ಕಲಿತು ಬಂದವರನ್ನೇ ಅವು ಕೇಳುತ್ತವೆ.

ಕಾರ್ಖಾನೆಯ ಒಳಗಿನ ಶ್ರೇಣಿಯನ್ನು ಗಮನಿಸಿ. ಯಂತ್ರದ ಮುಂದೆ ನಿಂತು ಲೋಹವನ್ನು ಕಡೆಯುವವನು ಐ.ಟಿ.ಐ.ಯಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಕಸುಬು ಕಲಿತವನು. ಬಿಡಿಭಾಗಗಳನ್ನು ಜೋಡಿಸುವವನು ಫಿಟ್ಟರ್. ಅವರ ಮೇಲ್ವಿಚಾರಣೆಗೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿದವನು. ಅವನ ಮೇಲೆ ಇಂಜಿನಿಯರು. ಇವರೆಲ್ಲರ ಹೊರಗೆ ಗುತ್ತಿಗೆದಾರನ ಪಟ್ಟಿಯಲ್ಲಿ, ಸಾಮಾನು ಹೊತ್ತು, ನೆಲ ಗುಡಿಸಿ, ಪೆಟ್ಟಿಗೆ ಕಟ್ಟುವವರ ಗುಂಪೊಂದುಂಟು. ನಮ್ಮ ಮಕ್ಕಳನ್ನು ನಾವು ಹೆಚ್ಚಾಗಿ ಕಾಣುವುದು ಈ ಗುಂಪಿನಲ್ಲಿ. ಅವರಲ್ಲಿ ಬಿ.ಎ. ಪದವೀಧರರೂ ಇದ್ದಾರೆಂಬುದು ನಮಗೆ ನೋವಿನ ಸಂಗತಿ. ಹದಿನೈದು ವರ್ಷ ಓದಿದವನು ಹನ್ನೆರಡು ವರ್ಷ ಓದಿದ ಫಿಟ್ಟರನ ಕೈಕೆಳಗೆ ದಿನಗೂಲಿಗೆ ನಿಲ್ಲುತ್ತಾನೆ. ಚರಿತ್ರೆಯ ಓದು ಕೀಳೆಂದು ನಾವು ಹೇಳುತ್ತಿಲ್ಲ; ಆ ಓದಿಗೆ ಕಾರ್ಖಾನೆಯಲ್ಲಿ ಸ್ಥಾನವಿಲ್ಲವೆಂಬುದನ್ನು ಆ ಹುಡುಗನಿಗೆ ಯಾರೂ ಮೊದಲೇ ಹೇಳಲಿಲ್ಲ, ಅಷ್ಟೆ.

ಐ.ಟಿ.ಐ. ವಿಷಯವಾಗಿ ಸ್ವಲ್ಪ ವಿವರವಾಗಿಯೇ ಹೇಳಬಯಸುತ್ತೇವೆ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಕಸುಬುಗಳಿಗೆ ಹತ್ತನೆಯ ತರಗತಿ ಪಾಸಾದ ಮೇಲೆ ಎರಡು ವರ್ಷದ ಶಿಕ್ಷಣ. ವೆಲ್ಡರ್ ಕಸುಬಿಗೆ ಒಂದು ವರ್ಷ. ಎಂಟನೆಯ ತರಗತಿ ಮುಗಿಸಿದವನೂ ಸೇರಬಹುದು. ತರುವಾಯ, 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತಲೇ ಪಳಗಬಹುದು. ಅದು ಮುಗಿದು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ದೊರೆಯುವ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ಗಡಿಯ ಗೊಡವೆಯಿಲ್ಲ. ಹೊಸೂರಿನಲ್ಲಿ ಹೇಗೋ ಅತ್ತಿಬೆಲೆ, ಬೊಮ್ಮಸಂದ್ರಗಳಲ್ಲಿಯೂ ಹಾಗೆಯೇ ಸಲ್ಲುತ್ತದೆ. ಐ.ಟಿ.ಐ. ಸೇರಿದರೆ ಓದು ಅಲ್ಲಿಗೇ ನಿಂತಿತೆಂಬ ಭಾವನೆಯೂ ತಪ್ಪು. ಎರಡು ವರ್ಷದ ಕಸುಬು ಕಲಿತವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ನೇರವಾಗಿ ಸೇರಲು ಅವಕಾಶವಿದೆ. "ಕೈ ಮಸಿಯಾಗುವ ಕೆಲಸ" ಎಂದು ಮೂಗು ಮುರಿಯುವವರೂ ಉಂಟು. ಹೊಲದ ಕೆಸರು ಮೆತ್ತಿದ ಕೈಗೆ ಯಂತ್ರದ ಎಣ್ಣೆ ಏಕೆ ಹೇಸಿಗೆಯಾಗಬೇಕೋ ನಮಗೆ ತಿಳಿಯದು!

ಇನ್ನು ನಮ್ಮದೇ ವೃತ್ತಿ. ಕನ್ನಡ ಓದಿದವನಿಗೆ ಮೇಷ್ಟರ ಕೆಲಸವೇ ಗತಿಯೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದುದರಿಂದ ಕನ್ನಡ ಶಾಲೆಗಳು ಉಳಿಯಲೇಬೇಕು, ಅವುಗಳಿಗೆ ಅಧ್ಯಾಪಕರು ಬರಲೇಬೇಕು. ಆದರೆ ಹುದ್ದೆಗಳ ಸಂಖ್ಯೆ ಅಲ್ಪ. ಎರಡು ವರ್ಷದ ಶಿಕ್ಷಕ ತರಬೇತಿಯ ಜೊತೆಗೆ ಅರ್ಹತಾ ಪರೀಕ್ಷೆಯನ್ನೂ ದಾಟಬೇಕು. ಅದರಲ್ಲಿ ಕನ್ನಡವನ್ನು ಭಾಷಾ ಪತ್ರಿಕೆಯಾಗಿ ಆರಿಸಿಕೊಳ್ಳಬಹುದೆಂಬುದು ಸಮಾಧಾನದ ಸಂಗತಿ. ಹೀಗಿದ್ದರೂ ನಮ್ಮ ಅನುಭವದಲ್ಲಿ ಶಾಲೆಗಳಿಗೆ ಸಿಗದಿರುವುದು ಕನ್ನಡ ಸಾಹಿತ್ಯ ಓದಿದವರಲ್ಲ, ಗಣಿತ ವಿಜ್ಞಾನಗಳನ್ನು ಕನ್ನಡದಲ್ಲಿ ಬೋಧಿಸಬಲ್ಲವರು. ಎಲ್ಲರೂ ಬಿ.ಎ. ಕಡೆಗೇ ಹೋದರೆ ನಾಳೆ ಕನ್ನಡ ಶಾಲೆಯಲ್ಲಿ ಬೀಜಗಣಿತ ಹೇಳಿಕೊಡುವವರಾರು? ಆ ಪಾಠ ನಿಂತ ದಿನ ಪಾಲಕರು ಮಕ್ಕಳನ್ನು ಬೇರೆ ಶಾಲೆಗೆ ಒಯ್ಯುತ್ತಾರೆ. ಕನ್ನಡದ ಮೇಲಿನ ಅಭಿಮಾನವುಳ್ಳ ಬುದ್ಧಿವಂತ ಮಗು ಬಿ.ಎಸ್‌ಸಿ., ಬಿ.ಇಡಿ. ಮಾಡಲಿ ಎಂಬುದು ನಮ್ಮ ಬಿನ್ನಹ.

ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. 2021ರಲ್ಲಿ ತಮಿಳುನಾಡು ಸರ್ಕಾರವು ರಾಜ್ಯದ ಉದ್ಯೋಗ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯನ್ನು ಕಡ್ಡಾಯಗೊಳಿಸಿ, ಶೇಕಡಾ 40 ಅಂಕ ಪಡೆಯಲೇಬೇಕೆಂದು ವಿಧಿಸಿತು. ನ್ಯಾಯಾನ್ಯಾಯದ ವಾದ ನಡೆಯಬೇಕಾದ ಕಡೆ ನಡೆಯಲಿ. ಅದು ಮುಗಿಯುವತನಕ ಮಗುವಿನ ವಯಸ್ಸು ಕಾಯುವುದಿಲ್ಲ. ಮನೆಯಲ್ಲಿ ಕನ್ನಡ ಗಟ್ಟಿಯಾಗಿರಲಿ, ತಮಿಳನ್ನು ಓದಿ ಬರೆಯಲೂ ಮಗು ಚೆನ್ನಾಗಿ ಕಲಿಯಲಿ.

ಹೆಣ್ಣುಮಕ್ಕಳ ತಾಯಂದಿರಿಗೆ ಎರಡು ಮಾತು. ಮೊಬೈಲು ಫೋನಿನ ಭಾಗಗಳನ್ನು ಮಾಡುವ ಕಾರ್ಖಾನೆ ಕೆಳಮಂಗಲದ ಕಡೆ ಬಂದ ಮೇಲೆ ಸಾವಿರಾರು ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಸಂಬಳ ಕೈಗೆ ಬರುತ್ತದೆ, ಒಳ್ಳೆಯದೇ. ಆದರೆ ಹನ್ನೆರಡನೆಯ ತರಗತಿಯೊಡನೆ ಹೋದವಳಿಗಿಂತ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹಿಡಿದು ಹೋದವಳಿಗೆ ಮೇಲೇರುವ ದಾರಿ ಹೆಚ್ಚು. ವಿಜ್ಞಾನ ಓದಿದವಳಿಗೆ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಇದೆ.

ಬೇಸಾಯ ಬಿಡಲೊಲ್ಲದವರು ಮನೆ ಬಾಗಿಲಲ್ಲಿಯೇ ಇರುವುದನ್ನು ನೋಡಬೇಕು. ಹೊಸೂರಿನ ಸರ್ಕಾರಿ ದನದ ಫಾರಂ 1824ರಷ್ಟು ಹಳೆಯದು. ಕೋಳಿ ಸಾಕಣೆಯನ್ನೇ ವಿಷಯವಾಗಿ ಬೋಧಿಸುವ ಕಾಲೇಜು ಹೊಸೂರಿನಲ್ಲಿದೆ. ತಳಿಯಲ್ಲಿ ಹೂವಿನ ಬೇಸಾಯದ ಕೇಂದ್ರವಿದೆ. ಗುಲಾಬಿ ಬೆಳೆಯುವ ನಮ್ಮ ರೈತರ ಮಕ್ಕಳಲ್ಲಿ ತೋಟಗಾರಿಕೆ ಓದಿದವರನ್ನು ಹುಡುಕಿದರೂ ಸಿಗುವುದು ಕಷ್ಟ.

ಕೊನೆಯದಾಗಿ ಒಂದು ವಿಜ್ಞಾಪನೆ. ಪ್ರತಿ ಹಳ್ಳಿಯ ಹಿರಿಯರು ಒಂದು ಪುಸ್ತಕದಲ್ಲಿ ತಮ್ಮೂರಿನ ದುಡಿಯುವ ಹುಡುಗ ಹುಡುಗಿಯರ ಹೆಸರು, ಓದಿದ ವಿಷಯ, ಈಗ ಮಾಡುತ್ತಿರುವ ಕೆಲಸ, ಈ ಮೂರನ್ನು ಬರೆಯಿಸಿ, ಮುಂದಿನ ಸಭೆಗೆ ತರಬೇಕು. ಐ.ಟಿ.ಐ. ಅರ್ಜಿ ಹಾಕುವವರು ವರ್ಗಾವಣೆ ಪತ್ರ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳನ್ನು ಬೇಸಗೆಯ ರಜೆಯಲ್ಲಿಯೇ ಸಿದ್ಧಪಡಿಸಿಕೊಳ್ಳಲಿ. ಅರ್ಜಿ ತುಂಬಲು ಬಾರದವರಿಗೆ ನಾವು ಅಧ್ಯಾಪಕರು ಶಾಲೆಯಲ್ಲಿ ಕುಳಿತು ತುಂಬಿಕೊಡುತ್ತೇವೆ.