ಫೇರೋನ ಮೂಗಿನಲ್ಲಿ ಕರಿಮೆಣಸು



ನಿಮ್ಮ ಮನೆಯ ಸಾರಿಗೆ ಬೀಳುವ ಕರಿಮೆಣಸು ಈಜಿಪ್ಟಿನ ದೊರೆಯೊಬ್ಬನ ಶವಸಂಸ್ಕಾರಕ್ಕೂ ಒದಗಿತ್ತೆಂದರೆ ನಂಬುತ್ತೀರಾ? ಎರಡನೆಯ ರಾಮ್ಸೆಸ್ ಸುಮಾರು 66 ವರ್ಷ ಆಳಿ, ಕ್ರಿ.ಪೂ. 1213ರಲ್ಲಿ ತೀರಿಕೊಂಡ. ಅವನ ಮಮ್ಮಿ ಬೆಳಕಿಗೆ ಬಂದದ್ದು 1881ರಲ್ಲಿ. 1976ರಲ್ಲಿ ಅದನ್ನು ಪ್ಯಾರಿಸ್ಸಿಗೆ ಒಯ್ದು ಪರೀಕ್ಷಿಸಿದರು. ಮೂಗಿನೊಳಗೆ ಮೆಣಸಿನ ಕಾಳುಗಳನ್ನು ತುಂಬಿದ್ದರು! ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಅಲ್ಲಿಂದ ನೈಲ್ ನದಿಯ ದಡಕ್ಕೆ ಎಷ್ಟು ದೂರವೆಂಬುದನ್ನು ಭೂಪಟ ತೆರೆದು ನೋಡಿ.

ಮೂಗಿಗೇಕೆ ಮೆಣಸು? ಬಟ್ಟೆಯನ್ನು ಬಿಗಿಯಾಗಿ ಸುತ್ತುವಾಗ ಮೂಗು ಚಪ್ಪಟೆಯಾಗಬಾರದು. ರಾಮ್ಸೆಸ್‌ನದು ಗಿಡುಗನ ಕೊಕ್ಕಿನಂತೆ ಬಾಗಿದ ಮೂಗು. ಸತ್ತವನ ಚೇತನವು ತನ್ನ ದೇಹವನ್ನು ಗುರುತಿಸಿ ಮರಳಬೇಕೆಂಬುದು ಅಲ್ಲಿಯವರ ನಂಬಿಕೆ. ಮುಖವೇ ಕೆಟ್ಟರೆ ಗುರುತು ಹಿಡಿಯುವುದು ಹೇಗೆ? ನಮ್ಮಲ್ಲಿ ಬಾಯಿಗೆ ತುಳಸಿನೀರು ಬಿಡುವುದನ್ನು, ಚಿತೆಗೆ ಗಂಧದ ಚಕ್ಕೆ ಇಡುವುದನ್ನು ನೀವು ನೋಡಿರಬಹುದು. ಅದು ಹೊರಟವರನ್ನು ಕಳುಹಿಸಿಕೊಡುವ ಪರಿಮಳ. ಈಜಿಪ್ಟಿನವರಿಗೆ ದೇಹ ಉಳಿಯಬೇಕಿತ್ತು.

ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಕೆಲಸವನ್ನು ವಿವರಿಸಿದ್ದಾನೆ. ಕರುಳು ತೆಗೆದ ಹೊಟ್ಟೆಯನ್ನು ಹೆಂಡದಿಂದ ತೊಳೆದು, ಬೋಳ ಎಂಬ ಅಂಟನ್ನೂ ದಾಲ್ಚಿನ್ನಿಯ ಜಾತಿಯ ತೊಗಟೆಯನ್ನೂ ಕುಟ್ಟಿ ತುಂಬಿ ಹೊಲಿಯುತ್ತಿದ್ದರಂತೆ. ಆಮೇಲೆ 70 ದಿನ ನೇಟ್ರಾನ್ ಎಂಬ ಉಪ್ಪಿನಲ್ಲಿ ಹೂಳುತ್ತಿದ್ದರಂತೆ.

ಇಲ್ಲೊಂದು ಎಚ್ಚರಿಕೆ. ಸುಗಂಧದ್ರವ್ಯಗಳಿಂದಲೇ ಶವ ಉಳಿಯಿತೆಂದು ಪರೀಕ್ಷೆಯಲ್ಲಿ ಬರೆದುಬಿಡಬೇಡಿ. ದೊಡ್ಡ ಕೆಲಸ ಮಾಡಿದ್ದು ಆ ಉಪ್ಪು. ಅದು ದೇಹದ ನೀರನ್ನೆಲ್ಲ ಹೀರಿಬಿಡುತ್ತದೆ; ತೇವವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಮರದ ಅಂಟುಗಳು ಚರ್ಮದ ಮೇಲೆ ಪದರವಾಗಿ ಕೂತು ತೇವವನ್ನೂ ಸೂಕ್ಷ್ಮಜೀವಿಗಳನ್ನೂ ತಡೆಯುತ್ತಿದ್ದವು. ಜೊತೆಗೆ ದುರ್ವಾಸನೆಯನ್ನೂ ಮುಚ್ಚಬೇಕಿತ್ತಲ್ಲ!

ಸಕ್ಕಾರದಲ್ಲಿ 2016ರಲ್ಲಿ ಇಂಥದೊಂದು ಕಾರ್ಯಾಗಾರವೇ ನೆಲದಡಿ ಸಿಕ್ಕಿತು. ಕ್ರಿ.ಪೂ. 7-6ನೆಯ ಶತಮಾನಗಳ ಮಡಕೆಗಳ ಮೇಲೆ ಯಾವುದು ತಲೆಗೆ, ಯಾವುದು ಮೈಯ ವಾಸನೆ ಹಿತವಾಗಲು ಎಂದು ಬರೆದಿಟ್ಟಿದ್ದರು. ನಮ್ಮ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇವಲ್ಲ, ಹಾಗೆ. ತಳದಲ್ಲಿ ಅಂಟಿದ್ದ ಶೇಷದ ರಾಸಾಯನಿಕ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸಿಡಾರ್, ಜುನಿಪರ್ ಜಾತಿಯ ಮರಗಳ ಎಣ್ಣೆಯ ಜೊತೆಗೆ ಏಷ್ಯದ ಮಳೆಕಾಡುಗಳ ಡಾಮರ್ ಎಂಬ ಮರದಂಟೂ ಅಲ್ಲಿತ್ತು.

ಅಷ್ಟೆಲ್ಲ ಮಾಡಿ ಉಳಿಸಿದ ರಾಮ್ಸೆಸ್‌ನಿಗೆ ವಸ್ತುಸಂಗ್ರಹಾಲಯದಲ್ಲಿ ಬೂಷ್ಟು ಹಿಡಿದಿತ್ತು. ಪ್ಯಾರಿಸ್ಸಿಗೆ ಒಯ್ದದ್ದೂ ಅದಕ್ಕಾಗಿಯೇ. 1977ರಲ್ಲಿ ಗಾಮಾ ಕಿರಣ ಹಾಯಿಸಿ ಬೂಷ್ಟನ್ನು ಕೊಂದರು. 2021ರಲ್ಲಿ ಮೆರವಣಿಗೆಯಲ್ಲಿ ಅವನನ್ನು ಕೈರೋದ ಹೊಸ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಮೂಗು ಮಾತ್ರ ಹಾಗೇ ಇದೆ.